ಗಿರಣಿಮನೆ ಹುಡುಗಿಯ ಒಂದು ತಿಂಗಳು

ಹೆಸರು ಕರೆಯುವುದು ಮುಗಿದ ಮೇಲೂ ಸೊಲ್ಮಿ ಕುರ್ಚಿಯಿಂದ ಏಳಲಿಲ್ಲ. ವೇದಿಕೆಯ ಮೇಲೆ ಹದಿಮೂರು ಹುಡುಗಿಯರು ಹೊಸ ಟೋಪಿ ಹಾಕಿಕೊಂಡು, ಹೂಗುಚ್ಛ ಹಿಡಿದುಕೊಂಡು ಫೋಟೋಗೆ ನಿಂತಿದ್ದರು. ಕೆಳಗೆ ಹನ್ನೊಂದು ಹುಡುಗಿಯರು ಶಾಲೆಯ ಸಮವಸ್ತ್ರದಲ್ಲಿ, ಮಂಡಿಯ ಮೇಲೆ ಕೈಯಿಟ್ಟು ಕೂತಿದ್ದರು. ಚಪ್ಪಾಳೆ ತಟ್ಟಬೇಕಾದಾಗೆಲ್ಲ ಆ ಹನ್ನೊಂದು ಜನವೂ ತಟ್ಟಿದರು. ಸೊಲ್ಮಿ ಉಳಿದವರಿಗಿಂತ ಸ್ವಲ್ಪ ಹೆಚ್ಚೇ ತಟ್ಟಿದಳು. ಕೈಗೆ ಬೇರೆ ಕೆಲಸವಿರಲಿಲ್ಲ.

ಪ್ರತಿ ವರ್ಷ ಸೆಪ್ಟೆಂಬರಿನ ಮೂರನೆಯ ವಾರದಲ್ಲಿ ಈ ಡ್ರಾಫ್ಟ್ ನಡೆಯುತ್ತದೆ. ಬಾಸ್ಕೆಟ್‌ಬಾಲ್ ತಂಡಗಳ ಕೋಚ್‌ಗಳು ಸರದಿಯಂತೆ ವೇದಿಕೆ ಹತ್ತಿ, ತಮಗೆ ಬೇಕಾದವಳ ಶಾಲೆಯ ಹೆಸರು ಮೊದಲು ಹೇಳುತ್ತಾರೆ, ಆಮೇಲೆ ಅವಳ ಹೆಸರು. ಎರಡರ ನಡುವೆ ಒಂದು ಉಸಿರಿನಷ್ಟು ಬಿಡುವು. ಸೊಲ್ಮಿಯ ಶಾಲೆಯ ಹೆಸರು ಅವತ್ತು ಒಂದೇ ಸಲ ಬಂತು. ಆ ಒಂದು ಉಸಿರಿನೊಳಗೆ, ಹಿಂದಿನ ಸಾಲಿನಲ್ಲಿದ್ದ ಅವಳ ಅಮ್ಮ ಎದ್ದು ನಿಂತುಬಿಟ್ಟಿದ್ದಳು. ಕರೆದದ್ದು ಹ್ಯೊಬಿನ್‌ಳನ್ನು. ಅದೇ ಶಾಲೆಯ, ಅದೇ ತರಗತಿಯ, ನೂರ ಎಂಬತ್ತೈದು ಸೆಂಟಿಮೀಟರ್ ಎತ್ತರದ ಹುಡುಗಿ. ಅಮ್ಮ ತಟ್ಟನೆ ಕೂರಲಿಲ್ಲ. ಅದಕ್ಕೇ ಎದ್ದದ್ದು ಎನ್ನುವ ಹಾಗೆ ನಿಂತುಕೊಂಡೇ ಹ್ಯೊಬಿನ್‌ಗೆ ಚಪ್ಪಾಳೆ ತಟ್ಟಿದಳು.

ಸೊಲ್ಮಿಯ ಎತ್ತರ ನೂರ ಅರವತ್ತನಾಲ್ಕು. ಗಾರ್ಡ್ ಜಾಗದಲ್ಲಿ ಆಡುವವಳು. ಚೆಂಡನ್ನು ತಾನು ಇಟ್ಟುಕೊಳ್ಳುವುದಕ್ಕಿಂತ ಇನ್ನೊಬ್ಬರ ಕೈಗೆ ತಲುಪಿಸುವುದೇ ಅವಳ ಕೆಲಸ.

ಬಸ್ಸು ಹೆದ್ದಾರಿಯ ತಂಗುದಾಣದಲ್ಲಿ ನಿಂತಾಗ ಇಬ್ಬರೂ ಬಿಸಿ ನೂಡಲ್ಸ್ ತಿಂದರು. ಅಮ್ಮ ತನ್ನ ತಟ್ಟೆಯ ಮೂಲಂಗಿ ಉಪ್ಪಿನಕಾಯಿಯನ್ನೂ ಮಗಳ ಕಡೆ ತಳ್ಳಿದಳು. "ನಾಳೆ ಅಂಚೆಮನೆ ಅಜ್ಜಿ ಮೆಣಸಿನಕಾಯಿ ತರ್ತಾರೆ. ಎರಡು ಮೂಟೆ. ನೀನೂ ಕೈ ಹಾಕಿದ್ರೆ ಮಧ್ಯಾಹ್ನಕ್ಕೆಲ್ಲ ಮುಗಿಯುತ್ತೆ" ಎಂದಳು. ಅಷ್ಟು ಬಿಟ್ಟರೆ ನಮ್ಮೂರು ಹಾದೊಂಗ್ ಬರುವ ತನಕ ಮಾತಿಲ್ಲ. ಬಸ್ಸು ನದಿಯ ಸೇತುವೆ ಹತ್ತುವಾಗ ಸೊಲ್ಮಿಯ ಫೋನು ಮೊಳಗಿತು. ಗಯೊಂಗ್. ಶಾಲೆಯಲ್ಲಿ ಎರಡು ವರ್ಷ ಮುಂದಿದ್ದವಳು. ಬೆರಳಿಗೆ ಪಟ್ಟಿ ಸುತ್ತುವುದರಿಂದ ಹಿಡಿದು ಸೋತ ದಿನ ಸ್ನಾನದ ಮನೆಯಲ್ಲಿ ನೀರು ಜೋರಾಗಿ ಬಿಟ್ಟುಕೊಂಡು ಅಳುವುದರ ತನಕ ಸೊಲ್ಮಿಗೆ ಎಲ್ಲ ಕಲಿಸಿದವಳು. ಈಗ ಪುಸಾನಿನ ಒಂದು ತಂಡದಲ್ಲಿ ಆಡುತ್ತಾಳೆ.

"ಅತ್ತು ಮುಗೀತಾ?"

"ಅತ್ತೇ ಇಲ್ಲ ಅಕ್ಕಾ."

"ಸುಳ್ಳಿ. ಊಟ ಆಯ್ತಾ?"

"ಆಯ್ತು."

"ಹಾಗಾದ್ರೆ ಸರಿ" ಎಂದು ಗಯೊಂಗ್ ಫೋನ್ ಇಟ್ಟಳು. ಅಳು ಬಂದದ್ದು ಆಮೇಲೆ.

ನಮ್ಮೂರಿನ ಸಂತೆಬೀದಿಯ ಕೊನೆಗೆ ಅವರ ಗಿರಣಿ. ಒಂದು ಕಡೆ ಮೆಣಸಿನಕಾಯಿ ಕುಟ್ಟುವ ಯಂತ್ರ, ಇನ್ನೊಂದು ಕಡೆ ಎಳ್ಳೆಣ್ಣೆಯ ಗಾಣ, ಒಳಗೆ ಅಕ್ಕಿ ಕಡುಬು ಬೇಯಿಸುವ ಹಬೆಪಾತ್ರೆಗಳು. ಸೆಪ್ಟೆಂಬರಿನಲ್ಲಿ ಆ ಬೀದಿಯಲ್ಲಿ ಸೀನದೆ ಹಾದುಹೋದವರಿಲ್ಲ. ಸೊಲ್ಮಿ ಹತ್ತು ದಿನ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಮೂಟೆ ಎತ್ತಿದಳು, ಜರಡಿ ಹಿಡಿದಳು. ಬೆಳಿಗ್ಗೆ ಯಂತ್ರ ಶುರುವಾಗುವ ಮೊದಲು ಮೂಟೆಗಳ ಸಾಲಿನ ನಡುವೆ ಚೆಂಡು ಪುಟಿಸಿಕೊಂಡು ಹೋಗಿ ಬರುತ್ತಿದ್ದಳು. ಗಿರಾಕಿಗಳು ಏನೂ ಕೇಳುತ್ತಿರಲಿಲ್ಲ. ನಮ್ಮೂರಿನವರು ಏನೂ ಕೇಳದೆ ಇರುವುದು ಅಪರೂಪ. ಅದರಿಂದಲೇ ಎಲ್ಲರಿಗೂ ಗೊತ್ತಿದೆ ಎಂದು ಅವಳಿಗೆ ಗೊತ್ತಾಗುತ್ತಿತ್ತು.

ಹನ್ನೊಂದನೆಯ ದಿನ ಫೋನು ಬಂತು. ಚುಂಗ್ಜುವಿನ ಒಂದು ವಿಮಾ ಕಂಪನಿಯ ತಂಡದ ಕೋಚ್, ಮಾ ಎನ್ನುವವರು. ಹ್ಯೊಬಿನ್‌ಳನ್ನು ಆರಿಸಿಕೊಂಡವರೂ ಅವರೇ.

"ನಮ್ಮ ಎರಡನೇ ಗಾರ್ಡ್ ಕಾಲು ಉಳುಕಿಸಿಕೊಂಡಿದಾಳೆ. ಅಭ್ಯಾಸಕ್ಕೆ ಜನ ಕಮ್ಮಿ ಬಿದ್ದಿದಾರೆ. ಒಂದು ತಿಂಗಳು ಬರ್ತೀಯೇನಮ್ಮ? ಅಕ್ಟೋಬರ್ ಮೂವತ್ತೊಂದಕ್ಕೆ ಈ ಸಲದ ಆಟಗಾರ್ತಿಯರ ಪಟ್ಟಿ ಮುಚ್ಚುತ್ತೆ. ಅಷ್ಟರೊಳಗೆ ಇಟ್ಕೊಂಡ್ರೆ ಇಟ್ಕೊಂಡ್ವಿ. ಇಲ್ಲಾಂದ್ರೆ ಇಲ್ಲ. ಆಸೆ ತೋರಿಸ್ತಿಲ್ಲ ನಾನು."

"ಬರ್ತೀನಿ ಸಾರ್."

"ಯೋಚನೆ ಮಾಡಿ ಹೇಳು."

ಸೊಲ್ಮಿ ಒಂದು ಸಲ ಉಸಿರೆಳೆದಳು. "ಮಾಡ್ದೆ ಸಾರ್. ಬರ್ತೀನಿ."

ಅಮ್ಮನಿಗೆ ಅವಳು ಯಾವುದನ್ನೂ ಮುಚ್ಚಿಡಲಿಲ್ಲ. "ಒಂದೇ ತಿಂಗಳು ಅಮ್ಮಾ. ಆಮೇಲೆ ವಾಪಸ್ ಕಳಿಸಿದ್ರೂ ಕಳಿಸಬಹುದು."

"ಗೊತ್ತಾಯ್ತು ಬಿಡು. ಯಾವ ಸೊಸೆ ತಾನೇ ಮೊದಲನೇ ತಿಂಗಳು ಖಾಯಂ ಆಗಿದಾಳೆ?" ಎಂದು ಅಮ್ಮ ಗಾಣದ ಹಿಂಡಿ ತೆಗೆದಳು.

ಅಮ್ಮ ಅಂದು ಒಬ್ಬರಿಗೆ ಮಾತ್ರ ಹೇಳಿದಳಂತೆ, ಎಳ್ಳು ತಂದವರಿಗೆ. ಮೂರನೆಯ ದಿನ ಸೊಲ್ಮಿ ಬಸ್ಸು ಹತ್ತಿದಾಗ ಸೇತುವೆಯ ಕೂಡುರಸ್ತೆಯಲ್ಲಿ, ಎರಡು ಕಂಬಗಳ ನಡುವೆ, ಆರು ಮೀಟರ್ ಉದ್ದದ ಬ್ಯಾನರ್ ಗಾಳಿಗೆ ಹೊಟ್ಟೆ ಉಬ್ಬಿಸಿಕೊಂಡು ನಿಂತಿತ್ತು. 'ಅಭಿನಂದನೆಗಳು! ಗಿರಣಿಮನೆಯ ಮಗಳು ಪ್ಯೊ ಸೊಲ್ಮಿ ವೃತ್ತಿಪರ ಬಾಸ್ಕೆಟ್‌ಬಾಲ್ ತಂಡಕ್ಕೆ ಸೇರ್ಪಡೆ. ಇಂತಿ, ಊರಿನ ಯುವಕ ಸಂಘ.' ಅಗ್ನಿಶಾಮಕ ದಳದ ಪರೀಕ್ಷೆಯಲ್ಲಿ ತೇರ್ಗಡೆಯಾದ ಇನ್ಯಾರದೋ ಮಗನ ಬ್ಯಾನರಿಗಿಂತ ಒಂದು ಗೇಣು ಮೇಲೆ ಕಟ್ಟಿದ್ದರು. ನಮ್ಮ ಯುವಕ ಸಂಘದಲ್ಲಿ ಅರವತ್ತು ದಾಟದವರು ಇಬ್ಬರೇ ಇದ್ದಾರೆ, ಆದರೆ ಇಂಥ ಕೆಲಸದಲ್ಲಿ ಅವರು ತಡಮಾಡಿದ್ದಿಲ್ಲ. ಸೊಲ್ಮಿ ಸೀಟಿನಲ್ಲಿ ಜಾರಿ ಜಾರಿ ಕಿಟಕಿಯ ಕೆಳಗೆ ಹೋದಳು. ಡ್ರೈವರ್ ಬಸ್ಸನ್ನು ನಿಧಾನ ಮಾಡಿ, ಎಲ್ಲರಿಗೂ ಕೇಳುವ ಹಾಗೆ, "ಈ ಹುಡುಗಿ ಇದೇ ಬಸ್ಸಲ್ಲಿದಾಳೆ ಕಣ್ರೀ" ಎಂದರು.

ತಂಡದ ಮನೆ ಚುಂಗ್ಜು ಊರಿನ ಹೊರಗೆ, ಸೇಬಿನ ತೋಟಗಳ ಪಕ್ಕದಲ್ಲಿತ್ತು. ಕೆಳಗೆ ಆಟದ ಹಾಲ್, ಮೇಲೆ ಮಲಗುವ ಕೋಣೆಗಳು. ಹ್ಯೊಬಿನ್ ಮತ್ತು ಸೊಲ್ಮಿಗೆ ಒಂದೇ ಕೋಣೆ. ಹ್ಯೊಬಿನ್‌ಳ ಅಭ್ಯಾಸದ ಅಂಗಿಯ ಬೆನ್ನ ಮೇಲೆ ಹೆಸರಿತ್ತು, ಸಂಖ್ಯೆಯಿತ್ತು. ಸೊಲ್ಮಿಗೆ ಕೊಟ್ಟದ್ದು ಬೆನ್ನು ಬೋಳಾದ ಬಿಳಿ ಅಂಗಿ. ಅವಳಿಗೆ ಅದರಿಂದ ಬೇಸರವಾಗಲಿಲ್ಲ. ಮೊದಲ ದಿನವೇ ತಂಡದಲ್ಲಿ ಎಲ್ಲರಿಗಿಂತ ಚಿಕ್ಕವರು ಮಾಡಬೇಕಾದ ಕೆಲಸಗಳನ್ನೆಲ್ಲ ಕೇಳಿ ತಿಳಿದುಕೊಂಡಳು. ಚೆಂಡುಗಳನ್ನು ಒರೆಸುವುದು, ನೀರಿನ ಬಾಟಲಿ ತುಂಬುವುದು, ಅಭ್ಯಾಸ ಮುಗಿದ ಮೇಲೆ ಅಕ್ಕಂದಿರ ಮಂಡಿಗೆ ಐಸಿನ ಚೀಲ ಕಟ್ಟುವುದು. ಗಿರಣಿಯಲ್ಲಿ ಬೆಳೆದವಳಿಗೆ ಇದೆಲ್ಲ ಲೆಕ್ಕಕ್ಕಿಲ್ಲ. ಅಡುಗೆಮನೆಯ ಚಿಕ್ಕಮ್ಮ, ತಂಡಕ್ಕೆ ಹದಿನೈದು ವರ್ಷದಿಂದ ಅನ್ನ ಹಾಕುತ್ತಿರುವ ಹೆಂಗಸು, ಎರಡೇ ದಿನದಲ್ಲಿ ಅವಳ ಬಟ್ಟಲಿಗೆ ಒಂದು ಸೌಟು ಹೆಚ್ಚು ಬಡಿಸತೊಡಗಿದಳು.

ತೊಂದರೆ ಶುರುವಾದದ್ದು ಅಂಕಣದ ಮೇಲೆ.

ಎರಡನೆಯ ದಿನ ಎರಡು ಗುಂಪು ಮಾಡಿ ಆಡಿಸುತ್ತಿದ್ದರು. ಚೆಂಡಿನ ಹಿಂದೆ ಓಡುತ್ತಿದ್ದ ಸೊಲ್ಮಿ ತನ್ನದೇ ಗುಂಪಿನ ಕ್ಯಾಪ್ಟನ್ ಯುರಿಮ್‌ಗೆ ಢಿಕ್ಕಿ ಹೊಡೆದಳು. ಯುರಿಮ್‌ಗೆ ಮೂವತ್ತಮೂರು ವರ್ಷ, ಎರಡೂ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿದೆ. ಅವಳು ಅಂಗಾತ ಬಿದ್ದಳು. ಸೊಲ್ಮಿ ಅಲ್ಲೇ ನಿಂತಳು. ಹಿಮ್ಮಡಿ ಜೋಡಿಸಿದಳು. ಕೈಗಳನ್ನು ತೊಡೆಗೆ ಅಂಟಿಸಿ, ಸೊಂಟದಿಂದ ನೆಲಕ್ಕೆ ಸಮನಾಗಿ ಬಾಗಿ, "ಕ್ಷಮಿಸಿ ಅಕ್ಕಾ!" ಎಂದು ಹಾಲ್ ಮೊಳಗುವಂತೆ ಕೂಗಿದಳು. ತಲೆ ಎತ್ತುವಷ್ಟರಲ್ಲಿ ಎದುರು ಗುಂಪಿನವರು ಅವಳ ಜಾಗದಿಂದಲೇ ನುಗ್ಗಿ ಚೆಂಡನ್ನು ಬುಟ್ಟಿಗೆ ಹಾಕಿಯಾಗಿತ್ತು.

ಕೋಚ್ ಸೀಟಿ ಊದಿದರು.

"ಸೊಲ್ಮಿ, ಏನ್ಮಾಡ್ತಿದ್ದೆ?"

"ಕ್ಷಮೆ ಕೇಳ್ತಿದ್ದೆ ಸಾರ್."

"ಕೇಳಿ ಆಯ್ತಾ?"

"ಆಯ್ತು ಸಾರ್."

"ಎರಡು ಪಾಯಿಂಟ್ ಹೋಯ್ತು."

"ಕ್ಷಮಿಸಿ ಸಾರ್!" ಎಂದು ಅವಳು ಮತ್ತೆ ಬಾಗಿದಳು. ನೆಲದ ಮೇಲಿದ್ದ ಯುರಿಮ್ ಮಂಡಿ ಹಿಡಿದುಕೊಂಡೇ ನಗತೊಡಗಿದಳು.

ಫೋನಿನಲ್ಲಿ ಮಾತಾಡುವಾಗಲೂ ಬಾಗುವ ಜನ ನಾವು. ಅದರಲ್ಲೂ ಸೊಲ್ಮಿಯ ಶಾಲೆಯ ತಂಡದಲ್ಲಿ, ದೊಡ್ಡವರು ನಿನ್ನಿಂದ ಬಿದ್ದರೆ ಏನು ನಡೆಯುತ್ತಿದ್ದರೂ ನಿಲ್ಲು, ಬಾಗು ಎಂದು ಮೂರು ವರ್ಷ ಕಲಿಸಿದ್ದರು. ಅದು ಬುದ್ಧಿಯಿಂದ ಇಳಿದು ಬೆನ್ನುಮೂಳೆಗೆ ಹೋಗಿ ಕೂತಿತ್ತು. ಶಾಲೆಯಲ್ಲಿ ಅವಳಿಗಿಂತ ದೊಡ್ಡವರು ಅಂಕಣದಲ್ಲಿ ಒಬ್ಬಿಬ್ಬರು. ಇಲ್ಲಿ ಹ್ಯೊಬಿನ್‌ಳನ್ನು ಬಿಟ್ಟು ಎಲ್ಲರೂ ದೊಡ್ಡವರು. ಗಾರ್ಡ್ ಕೆಲಸವೆಂದರೆ ಮೈ ತಾಗದೆ ಆಗುವುದಲ್ಲ. ತಾಗಿದಾಗೆಲ್ಲ ಅವಳು ಬಾಗಿದಳು.

"ಬಟ್ಟೆ ಅಂಗಡಿ ಬಾಗಿಲು ತೆಗೀತು ಕಣ್ರೇ, ಬಾಗಿ ಬಾಗಿ ಕರೀತಿದಾಳೆ, ಒಳಗೆ ಬನ್ನಿ" ಎಂದು ಒಬ್ಬಳು ಅಣಕಿಸುವಳು.

"ಬೀಳಿಸೋದೂ ಇವಳೇ, ಪೂಜೆ ಮಾಡೋದೂ ಇವಳೇ" ಎಂದು ಯುರಿಮ್.

ಅಣಕದಲ್ಲಿ ವಿಷವಿರಲಿಲ್ಲ. ಅದು ಸೊಲ್ಮಿಗೂ ಗೊತ್ತಿತ್ತು. ಆದರೆ ಕೋಚ್ ಮಾತ್ರ ನಗುತ್ತಿರಲಿಲ್ಲ. ಅವಳು ಬಾಗಿದಾಗೆಲ್ಲ ಕೈಯಲ್ಲಿದ್ದ ಹಲಗೆಯ ಮೇಲೆ ಏನೋ ಗೀಚುತ್ತಿದ್ದರು. ಹ್ಯೊಬಿನ್ ಕೂಡ ಎಣಿಸುತ್ತಿದ್ದಳು. ಅವಳು ಎಣಿಸುತ್ತಿದ್ದದ್ದು ಪ್ರೀತಿಯಿಂದ.

"ಇವತ್ತು ಒಂಬತ್ತು."

"ನಿನ್ನೆ?"

"ಹದಿನಾಲ್ಕು."

"ಕಮ್ಮಿ ಆಯ್ತಲ್ಲೇ!"

"ಇವತ್ತು ನಾಲ್ಕು ಜನ ಅಕ್ಕಂದಿರು ಅಭ್ಯಾಸಕ್ಕೆ ಬಂದಿರಲಿಲ್ಲ ಕಣೆ."

ಸುಗ್ಗಿಯ ಚುಸೊಕ್ ಹಬ್ಬಕ್ಕೆ ಎರಡು ದಿನ ರಜೆ ಸಿಕ್ಕಿತು. ಎಲ್ಲರೂ ಊರಿಗೆ ಹೋದರು. ಸೊಲ್ಮಿ ಅಮ್ಮನಿಗೆ ಅಭ್ಯಾಸವಿದೆ ಎಂದು ಸುಳ್ಳು ಹೇಳಿ ಉಳಿದುಕೊಂಡಳು. ಹಬ್ಬಕ್ಕೆ ಕಡುಬು ಬೇಯಿಸುವ ಆ ಎರಡು ದಿನ ಗಿರಣಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಮಗಳು ಇದ್ದಿದ್ದರೆ ಅಮ್ಮನಿಗೆ ಎಷ್ಟು ಆಸರೆಯಾಗುತ್ತಿತ್ತು ಎಂದು ಅವಳಿಗೆ ಗೊತ್ತಿಲ್ಲದ್ದಲ್ಲ. ಆದರೆ ಗಿರಾಕಿಗಳೆಲ್ಲ ಆ ಬ್ಯಾನರಿನ ಕೆಳಗಿನಿಂದಲೇ ಬರುವವರು. ಅವಳು ಅಡುಗೆಮನೆಯ ಚಿಕ್ಕಮ್ಮನ ಜೊತೆ ಕೂತು ಕುಂಬಳಕಾಯಿಯ ಬಿಲ್ಲೆಗಳನ್ನು ಹಿಟ್ಟಿನಲ್ಲಿ ಅದ್ದಿ ಕರಿದಳು.

"ಊರಲ್ಲಿ ಯಾರಾದ್ರೂ ಬೈತಾರಾ?" ಎಂದು ಚಿಕ್ಕಮ್ಮ ಕೇಳಿದಳು.

"ಇಲ್ಲ ಚಿಕ್ಕಮ್ಮ. ಹೊಗಳ್ತಾರೆ."

"ಅಯ್ಯೋ ಪಾಪ" ಎಂದು ಚಿಕ್ಕಮ್ಮ ಬಾಣಲೆಯಲ್ಲಿದ್ದದ್ದನ್ನು ತಿರುವಿ ಹಾಕಿದಳು.

ಮಗಳು ಬರಲಿಲ್ಲವೆಂದು ಅಮ್ಮನೇ ಬಂದಳು. ಹಬ್ಬ ಕಳೆದು ವಾರಕ್ಕೆ, ಮಂಗಳವಾರ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಇಳಿದಿದ್ದಾಗ, ನಮ್ಮೂರಿನ ಸಣ್ಣ ಟ್ರಕ್ಕೊಂದು ಅಂಗಳಕ್ಕೆ ಬಂದು ನಿಂತಿತು. ಎಂಟು ಪೆಟ್ಟಿಗೆ. ಒಳಗೆ ಕೆಂಪು ಕಾಳು ಉದುರಿಸಿ ಪದರ ಪದರವಾಗಿ ಬೇಯಿಸಿದ ಅಕ್ಕಿ ಕಡುಬು, ಇನ್ನೂ ಬಿಸಿ. ಪ್ರತಿ ಪೆಟ್ಟಿಗೆಯ ಮೇಲೂ ಅಂದವಾಗಿ ಅಚ್ಚು ಹಾಕಿಸಿದ ಚೀಟಿ. 'ಸೇರ್ಪಡೆಯ ಸಂತೋಷಕ್ಕೆ. ನಮ್ಮ ಸೊಲ್ಮಿಯನ್ನು ನೋಡಿಕೊಳ್ಳಿ.'

ಹೊಸದಾಗಿ ತಂಡಕ್ಕೆ ಬಂದವರು ಕಡುಬು ಹಂಚುವುದು ರೂಢಿಯೇ. ಆದರೆ ಹಂಚುವುದು ಕರಾರಿಗೆ ಸಹಿ ಬಿದ್ದ ಮೇಲೆ. ಡ್ರಾಫ್ಟಿನಲ್ಲಿ ಬಂದ ಹ್ಯೊಬಿನ್‌ಳ ಮನೆಯವರೇ ಇನ್ನೂ ಹಂಚಿರಲಿಲ್ಲ. ಸೊಲ್ಮಿ ಅಮ್ಮನನ್ನು ಬಾಗಿಲ ಬಳಿಯೇ ತಡೆದಳು.

"ಅಮ್ಮಾ, ನಾನಿನ್ನೂ ಸೇರಿಲ್ಲ."

"ಇಲ್ಲೇ ಇದೀಯಲ್ಲ."

"ಇರೋದೇ ಬೇರೆ, ಸೇರೋದೇ ಬೇರೆ."

"ಇಲ್ಲೇ ಉಣ್ತೀಯ, ಇಲ್ಲೇ ಮಲಗ್ತೀಯ, ಹಬ್ಬಕ್ಕೂ ಮನೆಗೆ ಬರಲ್ಲ. ಇನ್ನು ಸೇರೋದು ಅಂದ್ರೆ ಹೇಗಮ್ಮ?"

ಪೆಟ್ಟಿಗೆಗಳು ಊಟದ ಮೇಜಿನ ಮೇಲೆ ಬಂದು ಕೂತವು. ಚೀಟಿಯನ್ನು ಎಲ್ಲರೂ ಓದಿದರು. ಯಾರೂ ಕೈ ಹಾಕಲಿಲ್ಲ. ತಿಂದರೆ ಒಪ್ಪಿದ ಹಾಗೆ, ತಿನ್ನದಿದ್ದರೆ ಅಷ್ಟು ದೂರದಿಂದ ಬಂದ ತಾಯಿಯನ್ನು ಅವಮಾನಿಸಿದ ಹಾಗೆ. ಕಡುಬಿನ ಹಬೆ ಏಳುತ್ತಿತ್ತು. ಸೊಲ್ಮಿ ನೆಲ ನೋಡುತ್ತಿದ್ದಳು.

ಅಷ್ಟರಲ್ಲಿ ಕೋಚ್ ಮಾ ಬಂದರು. ಅಮ್ಮ ಬಾಗಿದಳು. ಕೋಚ್ ತಾವೂ ಬಾಗಿದರು. ಅವರು ತನಗಿಂತ ಕೆಳಗೆ ಬಾಗಿದ್ದು ಕಂಡು ಅಮ್ಮ ಇನ್ನೂ ಬಾಗಿದಳು. ಮೊದಲು ಏಳುವುದು ಮರ್ಯಾದೆಯಲ್ಲವೆಂದು ಇಬ್ಬರೂ ಹಾಗೇ ಉಳಿದರು, ಎರಡು ತಲೆಗಳು ಇನ್ನೇನು ತಾಗುವಂತೆ.

"ಈಗ ಗೊತ್ತಾಯ್ತು ಬಿಡ್ರೇ, ಆ ರೋಗ ಎಲ್ಲಿಂದ ಬಂತು ಅಂತ" ಎಂದಳು ಯುರಿಮ್.

ಊಟದ ಮನೆ ಗೊಳ್ಳೆಂದಿತು. ಯುರಿಮ್ ಮೊದಲ ತುಂಡು ಮುರಿದು ಬಾಯಿಗೆ ಹಾಕಿಕೊಂಡಳು. ಆಮೇಲೆ ಯಾರನ್ನೂ ಕರೆಯಬೇಕಾಗಲಿಲ್ಲ. ಕೋಚ್ ಕೂಡ ಎರಡು ತಿಂದು, ಬೆರಳು ಒರೆಸಿಕೊಂಡು, ಸಂಕೋಚದಿಂದಲೇ ಹೇಳಿದರು.

"ತುಂಬಾ ಚೆನ್ನಾಗಿದೆ ಅಮ್ಮಾ. ಆದ್ರೆ ಕಡುಬು ಕಡುಬೇ, ಪಟ್ಟಿ ಪಟ್ಟಿಯೇ. ಇದನ್ನ ತಿಂದೆ ಅಂತ ಅದರಲ್ಲಿ ಹೆಸರು ಬರೆಯೋಕಾಗಲ್ಲ."

"ಪಟ್ಟಿಗೆ ಅಂತ ತಂದಿಲ್ಲ ಸಾರ್, ಹೊಟ್ಟೆಗೆ ಅಂತ ತಂದೆ" ಎಂದಳು ಅಮ್ಮ. "ಇನ್ನೊಂದು ತಗೊಳಿ."

ಟ್ರಕ್ಕು ಹೊರಟುಹೋದ ಮೇಲೆ ಯುರಿಮ್ ಬೆಂಚಿನ ಮೇಲೆ ಕಾಲು ಚಾಚಿ ಕೂತಳು. ಸೊಲ್ಮಿ ಅವಳ ಮಂಡಿಗೆ ಐಸಿನ ಚೀಲ ಕಟ್ಟತೊಡಗಿದಳು.

"ಒಂದು ಮಾತು ಕೇಳ್ಲಾ?" ಎಂದಳು ಯುರಿಮ್. "ನೀನು ನನಗೆ ಢಿಕ್ಕಿ ಹೊಡೆದಾಗ ನನಗೆ ನೋವಾಗುತ್ತೆ ಅಂತಾನಾ ನೀನು ಬಾಗೋದು?"

"ಹೌದು ಅಕ್ಕಾ. ನಿಮ್ಮ ಮಂಡಿ..."

"ನನ್ನ ಮಂಡಿ ಹತ್ತು ವರ್ಷದಿಂದ ನೋಯ್ತಿದೆ. ಅದು ನಿನ್ನ ಕೊಡುಗೆ ಅಲ್ಲ. ಆದ್ರೆ ನೀನು ಅಲ್ಲಿ ಬಾಗಿ ನಿಂತಿರ್ತೀಯ ನೋಡು, ಆವಾಗ ನಿನ್ನ ಜಾಗ ಖಾಲಿ. ಅದನ್ನ ಕಾಯೋಕೆ ಯಾರು ಓಡ್ತಾರೆ?"

ಸೊಲ್ಮಿಯ ಕೈ ನಿಂತಿತು.

"ಯಾರು ಓಡ್ತಾರೆ ಹೇಳು."

"ನೀವು ಅಕ್ಕಾ."

"ನಾನು. ಬಿದ್ದು ಎದ್ದವಳು ನಾನು, ಆಮೇಲೆ ನಿನ್ನ ಜಾಗಕ್ಕೆ ಓಡೋಳೂ ನಾನು. ಹೀಗೆ ದಿನಕ್ಕೆ ಹತ್ತು ಸಲ. ನನಗೆ ಮರ್ಯಾದೆ ಕೊಡ್ಬೇಕು ಅನ್ಸಿದ್ರೆ ನನ್ನ ಓಡಿಸ್ಬೇಡ." ಯುರಿಮ್ ಸೇರಿಸಿದಳು. "ಬಾಗಲೇಬೇಕು ಅಂತಿದ್ರೆ ಆಟ ಮುಗಿದ್ಮೇಲೆ ಒಟ್ಟಿಗೆ ಬಾಗು. ನಾವೆಲ್ಲ ಸಾಲಾಗಿ ನಿಂತ್ಕೋತೀವಿ. ಗಟ್ಟಿಯಾಗಿ ಕಟ್ಟೇ, ಜಾರ್ತಿದೆ."

ಕೇಳಿದ ಮಾತ್ರಕ್ಕೆ ಬೆನ್ನು ಕೇಳುವುದಿಲ್ಲ. ಮರುದಿನ ಐದು ಸಲ ಬಾಗಿದಳು. ಅದರ ಮರುದಿನ ನಾಲ್ಕು. ಒಮ್ಮೆ ಅರ್ಧ ಬಾಗಿ, ನೆನಪಾಗಿ, ಹಾಗೇ ಬಾಗಿದ ಭಂಗಿಯಲ್ಲೇ ಓಡಿದಳು. ಅದನ್ನು ಕಂಡು ಕೋಚ್ ಮುಖ ಆಚೆ ತಿರುಗಿಸಿಕೊಂಡರು. ಅವರ ಭುಜ ಕುಲುಕುತ್ತಿತ್ತೆಂದು ಹ್ಯೊಬಿನ್ ಆಮೇಲೆ ಹೇಳಿದಳು.

ಅಕ್ಟೋಬರ್ ಇಪ್ಪತ್ತೇಳಕ್ಕೆ ಪುಸಾನಿನ ತಂಡ ಅಭ್ಯಾಸ ಪಂದ್ಯಕ್ಕೆ ಬಂತು. ಪಟ್ಟಿ ಮುಚ್ಚುವ ಮೊದಲು ಇದೊಂದೇ ಪಂದ್ಯ. ಬಸ್ಸಿನಿಂದ ಇಳಿದ ಗಯೊಂಗ್ ಸೊಲ್ಮಿಯ ಕೆನ್ನೆ ಹಿಂಡಿದಳು. "ದಪ್ಪ ಆಗಿದೀಯ. ಅನ್ನ ಚೆನ್ನಾಗಿ ಹಾಕ್ತಾರೆ ಅಂತಾಯ್ತು." ಸೊಲ್ಮಿ ಬಾಗಿದಳು. ಅಂಗಳದಲ್ಲಿ ಬಾಗುವುದಕ್ಕೆ ಅಡ್ಡಿಯಿರಲಿಲ್ಲ.

ಮೊದಲರ್ಧ ಪೂರ್ತಿ ಸೊಲ್ಮಿ ಬೆಂಚಿನ ಮೇಲಿದ್ದಳು. ಮೂರನೆಯ ಭಾಗದಲ್ಲಿ ಆರು ನಿಮಿಷ ಉಳಿದಿದ್ದಾಗ ಕೋಚ್ ಕತ್ತು ತಿರುಗಿಸದೆ "ಸೊಲ್ಮಿ" ಎಂದರು. ಅವಳು ಒಳಗೆ ಹೋದಳು. ಗಯೊಂಗ್‌ಳನ್ನು ತಡೆಯುವುದು ಅವಳ ಪಾಲಿಗೆ ಬಂತು.

ಮೊದಲ ಎರಡು ನಿಮಿಷ ಏನೂ ಆಗಲಿಲ್ಲ. ಗಯೊಂಗ್ ಎಡಕ್ಕೆ ಹೋದರೆ ಅವಳೂ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಗಯೊಂಗ್ ಬಲಕ್ಕೆ ತಿರುಗುವ ಮೊದಲು ಚೆಂಡನ್ನು ಒಂದು ಸಲ ಗಟ್ಟಿಯಾಗಿ ಪುಟಿಸುತ್ತಾಳೆ. ಅದು ಶಾಲೆಯ ದಿನಗಳಿಂದ ಸೊಲ್ಮಿಗೆ ಗೊತ್ತು, ಇನ್ಯಾರಿಗೂ ಗೊತ್ತಿಲ್ಲ. ಗಟ್ಟಿಯಾಗಿ ಪುಟಿದ ಸದ್ದು ಕೇಳಿತು. ಸೊಲ್ಮಿ ಕೈ ಹಾಕಿದಳು. ಕೈಗೆ ಚೆಂಡು ಸಿಕ್ಕಿತು, ಭುಜಕ್ಕೆ ಗಯೊಂಗ್ ಸಿಕ್ಕಿದಳು. ಗಯೊಂಗ್ ಧಡಾರನೆ ಬಿದ್ದಳು. ರೆಫರಿ ಸೀಟಿ ಊದಲಿಲ್ಲ. ಚೆಂಡು ಉರುಳಿಕೊಂಡು ಗೆರೆಯ ಕಡೆ ಹೋಗುತ್ತಿತ್ತು.

ಸೊಲ್ಮಿಯ ಹಿಮ್ಮಡಿಗಳು ತಾವಾಗಿ ಹತ್ತಿರ ಬಂದವು. ಕತ್ತು ಮುಂದಕ್ಕೆ ಬಾಗತೊಡಗಿತು. ಬಿದ್ದವಳು ಯಾರೋ ಅಲ್ಲ. ಬೆರಳಿಗೆ ಪಟ್ಟಿ ಸುತ್ತಲು ಕಲಿಸಿದವಳು. ಆ ಹೊತ್ತಿಗೆ ಹಾಲಿನ ಆ ತುದಿಯಿಂದ ಯುರಿಮ್ ಹಿಂದಕ್ಕೆ ಓಡಿ ಬರುತ್ತಿದ್ದದ್ದು ಅವಳ ಕಣ್ಣಂಚಿಗೆ ಕಂಡಿತು. ಒಂದು ಕಾಲನ್ನು ಸ್ವಲ್ಪ ಎಳೆಯುತ್ತಾ, ಬೆನ್ನು ಬೋಳಾದ ಬಿಳಿ ಅಂಗಿಯ ಹುಡುಗಿ ಬಿಟ್ಟುಹೋಗಲಿರುವ ಜಾಗವನ್ನು ತುಂಬಲು.

ಸೊಲ್ಮಿ ಕತ್ತು ಎತ್ತಿದಳು. ಬಿದ್ದಿದ್ದ ಗಯೊಂಗ್‌ಳ ಕಾಲಿನ ಪಕ್ಕದಿಂದಲೇ ಹಾರಿ ಚೆಂಡನ್ನು ಹಿಡಿದಳು. ಓಡಿದಳು. ತಿರುಗಿ ನೋಡಲಿಲ್ಲ. ಬುಟ್ಟಿಯ ಕೆಳಗೆ ಹ್ಯೊಬಿನ್ ಒಬ್ಬಳೇ ಇದ್ದಳು. ಎಷ್ಟು ಹಿತವಾದ ಪಾಸು ಕೊಡಬಹುದೋ ಅಷ್ಟು ಹಿತವಾಗಿ ಕೊಟ್ಟಳು. ಹ್ಯೊಬಿನ್ ಎಸೆದ ಚೆಂಡು ರಿಂಗಿಗೆ ಬಡಿದು ಹೊರಗೆ ಬಂತು.

"ಕುಂಬಳಕಾಯಿ!" ಎಂದು ಬೆಂಚಿನಿಂದ ಯಾರೋ ಹ್ಯೊಬಿನ್‌ಳನ್ನು ಬೈದರು.

ಹೊರಗೆ ಬಂದ ಚೆಂಡನ್ನು ಹಿಡಿದು ಒಳಗೆ ಹಾಕಿದವಳು ಯುರಿಮ್. ಅರ್ಧಕ್ಕೆ ಬಂದವಳು ಸೊಲ್ಮಿ ಓಡಿದ್ದನ್ನು ಕಂಡು ಅಲ್ಲಿಂದಲೇ ತಿರುಗಿ, ನಡೆದೇ ಬಂದಿದ್ದಳು. ಅವಳಿಗೆ ಓಡುವ ಅಗತ್ಯ ಬಿದ್ದಿರಲಿಲ್ಲ.

ಪಂದ್ಯ ಹನ್ನೊಂದು ಪಾಯಿಂಟಿನಿಂದ ಸೋತರು. ಕೊನೆಯ ಸೀಟಿ ಆದ ಕೂಡಲೇ ಸೊಲ್ಮಿ ಗಯೊಂಗ್‌ಳ ಎದುರು ಹೋಗಿ, ಹಿಮ್ಮಡಿ ಜೋಡಿಸಿ, ನೆಲಕ್ಕೆ ಸಮನಾಗಿ ಬಾಗಿದಳು.

"ಲೇ, ನನ್ನ ಬೀಳಿಸಿ ತಿರುಗೀನೂ ನೋಡ್ಲಿಲ್ಲ ನೀನು" ಎಂದಳು ಗಯೊಂಗ್.

"ಕ್ಷಮಿಸಿ ಅಕ್ಕಾ."

"ಕ್ಷಮಿಸಲ್ಲ ಹೋಗು." ಗಯೊಂಗ್ ಅವಳ ಒದ್ದೆ ಕೂದಲನ್ನು ಕೆದರಿದಳು. "ನಾನು ಗಟ್ಟಿಯಾಗಿ ಪುಟಿಸ್ತೀನಿ ಅಲ್ವಾ? ಯಾರಿಗೂ ಹೇಳ್ಬೇಡ."

ಮೂವತ್ತನೆಯ ತಾರೀಕು ಬೆಳಿಗ್ಗೆ ಕೋಚ್ ಅವಳನ್ನು ಕೋಣೆಗೆ ಕರೆದರು. ಅವಳು ಬಟ್ಟೆಗಳನ್ನು ಆಗಲೇ ಮಡಚಿಟ್ಟು ಬಂದಿದ್ದಳು. ಕರೆಯುವ ಮೊದಲೇ ಸಿದ್ಧವಾಗಿದ್ದರೆ ಕಡಿಮೆ ನೋವು ಎಂದು ಸೆಪ್ಟೆಂಬರಿನಲ್ಲಿ ಕಲಿತಿದ್ದಳು. ಕೋಚ್ ಕನ್ನಡಕ ಹಾಕಿಕೊಂಡು ಒಂದು ಕಾಗದ ನೋಡುತ್ತಿದ್ದರು.

"ಹುಟ್ಟಿದ್ದು ಯಾವತ್ತಮ್ಮ?"

"ಡಿಸೆಂಬರ್ ಒಂಬತ್ತು ಸಾರ್."

"ಅಂದ್ರೆ ಇನ್ನೂ ಮೈನರ್. ತಾಯಿ ಸಹಿಯ ಮೊಹರು ಬೇಕು. ನಾಳೆ ಸಾಯಂಕಾಲ ಐದರೊಳಗೆ."

"ಯಾತಕ್ಕೆ ಸಾರ್?"

"ಕರಾರಿಗೆ." ಅವರು ಕನ್ನಡಕ ತೆಗೆದರು. "ಒಂದು ವರ್ಷ. ಬಹಳ ಆಡಿಸ್ತೀನಿ ಅಂತ ಮಾತು ಕೊಡಲ್ಲ. ಬೆಂಚಲ್ಲೇ ಕೂರಿಸಬಹುದು. ಇಲ್ಲಿ ಯಾರ ಜಾಗಾನೂ..." ಅಷ್ಟರಲ್ಲಿ ಅವಳ ಬೆನ್ನು ಬಾಗತೊಡಗಿದ್ದು ಕಂಡು, "ಏ, ಏ, ಬಾಗ್ಬೇಡ" ಎಂದರು.

"ಆಟ ನಡೀತಿಲ್ಲ ಸಾರ್" ಎಂದು ಸೊಲ್ಮಿ ಪೂರ್ತಿ ಬಾಗಿದಳು. ಬಹಳ ಹೊತ್ತು ಏಳಲಿಲ್ಲ. ಮುಖ ಒರೆಸಿ ಏಳಬೇಕಿತ್ತು.

ಮರುದಿನ ಅಮ್ಮ ಮೊದಲ ಬಸ್ಸಿಗೆ ಹೊರಟು, ಎರಡು ಕಡೆ ಬಸ್ಸು ಬದಲಿಸಿ, ಹನ್ನೆರಡು ಗಂಟೆಗೆ ಬಂದಳು. ಕೈಯಲ್ಲಿ ಈ ಸಲ ಏನೂ ಇರಲಿಲ್ಲ. ಮೊಹರನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ಒಳಜೇಬಿನಲ್ಲಿ ಇಟ್ಟುಕೊಂಡಿದ್ದಳು. ಕರಾರಿನ ಒಂಬತ್ತು ಹಾಳೆಗಳನ್ನೂ ಬೆರಳಿಟ್ಟು ಓದಿದಳು. ಕೋಚ್, ಕಂಪನಿಯ ಗುಮಾಸ್ತ, ಸೊಲ್ಮಿ, ಮೂವರೂ ಕಾದರು.

"ಒಂದು ಕೇಳ್ಬೇಕಿತ್ತು" ಎಂದಳು ಅಮ್ಮ. "ಕಾಲು ಗೀಲು ಮುರಿದ್ರೆ ಯಾರು ನೋಡ್ಕೋತಾರೆ ಅನ್ನೋದು ಎಲ್ಲಿದೆ?"

ಗುಮಾಸ್ತ ಏಳನೆಯ ಹಾಳೆ ತೋರಿಸಿದ. ಅಮ್ಮ ಅದನ್ನು ಎರಡು ಸಲ ಓದಿದಳು. ಆಮೇಲೆ ಮೊಹರಿಗೆ ಬಾಯಿಂದ ಬಿಸಿ ಉಸಿರು ಊದಿ, ಕೆಂಪು ಮಸಿಗೆ ಒತ್ತಿ, ಕಾಗದದ ಮೇಲಿಟ್ಟು, ನಾಲ್ಕೂ ಕಡೆ ಮೆಲ್ಲಗೆ ವಾಲಿಸಿ ಒತ್ತಿದಳು. ಎತ್ತಿದಾಗ ಅವಳ ಹೆಸರಿನ ಒಂದು ಗೆರೆಯೂ ಮುಕ್ಕಾಗಿರಲಿಲ್ಲ.

ಬಸ್ ನಿಲ್ದಾಣ ಇಳಿಜಾರಿನ ಕೆಳಗೆ. ಇಬ್ಬರೂ ಸೇಬಿನ ತೋಟದ ಬೇಲಿಯ ಪಕ್ಕ ನಡೆದು ಬಂದರು. ಕೊನೆಯ ಹಣ್ಣುಗಳನ್ನು ಕೀಳುತ್ತಿದ್ದ ಹೆಂಗಸರು ಏಣಿಯ ಮೇಲಿಂದ ನೋಡಿದರು.

"ಆಡಿಸ್ತಾರಾ?" ಎಂದು ಅಮ್ಮ ಕೇಳಿದಳು.

"ಗೊತ್ತಿಲ್ಲಮ್ಮ."

"ಆಡಿಸ್ದಾಗ ಹೇಳು. ಗಿರಣಿ ಮುಚ್ಚಿ ಬರ್ತೀನಿ."

"ಟೀವೀಲಿ ಬರುತ್ತಮ್ಮ."

"ಟೀವೀಲಿ ಯಾಕೆ? ಬರ್ತೀನಿ."

ಬಸ್ಸು ಬಂತು. ಅಮ್ಮ ಕಿಟಕಿಯ ಪಕ್ಕ ಕೂತು, ಕರವಸ್ತ್ರದಿಂದ ಬೆರಳಿಗೆ ಹತ್ತಿದ ಮಸಿ ಒರೆಸಿಕೊಳ್ಳುತ್ತಾ, ಹೋಗು ಹೋಗು ಎಂದು ಕೈ ಬೀಸಿದಳು. ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ಸೊಲ್ಮಿ ನಿಂತಿದ್ದಳು. ಆಮೇಲೆ ಗಡಿಯಾರ ನೋಡಿಕೊಂಡು ಏರಿನಲ್ಲಿ ಓಡಿದಳು. ಅಭ್ಯಾಸ ಮೂರು ಗಂಟೆಗೆ.

ಏದುಸಿರು ಬಿಡುತ್ತಾ ಹಾಲಿನ ಬಾಗಿಲು ತಳ್ಳಿದಾಗ ಎಲ್ಲರೂ ಗೆರೆಯ ಮೇಲೆ ನಿಂತಾಗಿತ್ತು. ಯುರಿಮ್ ಸೊಂಟದ ಮೇಲೆ ಕೈಯಿಟ್ಟುಕೊಂಡು ಮೇಲಿಂದ ಕೆಳಗೆ ನೋಡಿದಳು.

"ಪಟ್ಟಿ ಸೇರಿದ ದಿನಾನೇ ತಡಾನಾ?"

"ಇನ್ನೂ ಎರಡು ನಿಮಿಷ ಇದೆ ಅಕ್ಕಾ" ಎಂದಳು ಸೊಲ್ಮಿ.

ಅವಳು ಅಕ್ಕಂದಿರಿಗೆ ಎದುರಾಡಿದ್ದು ಅದೇ ಮೊದಲು. ಹ್ಯೊಬಿನ್ ಮೇಲ್ಛಾವಣಿ ನೋಡತೊಡಗಿದಳು. ಯುರಿಮ್ ಗೋಡೆಯ ಗಡಿಯಾರದ ಕಡೆ ತಿರುಗಿ ನೋಡಿದಳು, ಮತ್ತೆ ಸೊಲ್ಮಿಯ ಕಡೆ ನೋಡಿದಳು.

"ಹೌದಲ್ಲ, ಇದೆ" ಎಂದು ಕೈಯಲ್ಲಿದ್ದ ಚೆಂಡನ್ನು ಅವಳ ಎದೆಗೆ ನೇರವಾಗಿ ಎಸೆದಳು.